ಬೆವರು ಆರಿದ ಮೇಲೆ ಜಪಸರ

ಪ್ರಶ್ನೆ: ಏಳು ಮತ್ತು ಹತ್ತು ವರ್ಷದ ಇಬ್ಬರು ಗಂಡುಮಕ್ಕಳು. ಶಾಲೆಯಿಂದ ಬಂದರೆ ಮೊಬೈಲು. ರಾತ್ರಿ ಜಪಸರಕ್ಕೆ (ಮಣಿ ಎಣಿಸುತ್ತ ಹೇಳುವ ಮರಿಯಮ್ಮನ ಪ್ರಾರ್ಥನೆಗೆ) ಕೂತರೆ ಒಬ್ಬರನ್ನೊಬ್ಬರು ಚಿವುಟುತ್ತಾರೆ, ಕಿಸಿಕಿಸಿ ನಗುತ್ತಾರೆ. ಭಕ್ತಿ ಕಲಿಸುವುದು ಹೇಗೆ?
– ಒಬ್ಬ ತಾಯಿ, ಕೋಡಿಬಾಗ, ಕಾರವಾರ

ಉತ್ತರ: ಮೊದಲು ಮೈ ದಣಿಯಲಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆಯ ಬೆಂಚು, ಟ್ಯೂಷನ್ನಿನ ಬೆಂಚು, ಆಮೇಲೆ ಮೊಬೈಲು ಹಿಡಿದು ಕುರ್ಚಿ. ಇಡೀ ದಿನ ಕೂತೇ ಇದ್ದ ಹುಡುಗ ರಾತ್ರಿ ಚಾಪೆಯ ಮೇಲೆ ಚಡಪಡಿಸಿದರೆ ಅದನ್ನು ಅಭಕ್ತಿ ಎನ್ನಬೇಡಿ. ಐದಕ್ಕೆ ಮನೆಯಿಂದ ಹೊರಗೆ ಕಳಿಸಿ. ಲಗೋರಿ, ಚಿನ್ನಿದಾಂಡು, ಕಡಲ ದಂಡೆಯಲ್ಲಿ ಫುಟ್‌ಬಾಲ್, ಯಾವುದಾದರೂ ಸರಿ. ಬಂದ ಮೇಲೆ ಸ್ನಾನ, ಊಟ, ಆಮೇಲೆ ಪ್ರಾರ್ಥನೆ. ಓಡಿ ಬಂದವರನ್ನು ಕೂಡಲೇ ಕೂರಿಸಿದರೆ ಉಸಿರೂ ನಿಲ್ಲದು, ಮನಸ್ಸೂ ನಿಲ್ಲದು. ನಡುವೆ ಅರ್ಧ ಗಂಟೆ ಇರಲಿ.

ಏಳು ವರ್ಷದವನಿಗೆ ಜಪಸರದ ಐದೂ ರಹಸ್ಯ (ಐದು ಭಾಗ) ಉದ್ದವಾಯಿತು. ಒಂದನ್ನು ಅವನೇ ಮುನ್ನಡೆಸಲಿ, ಮಣಿ ಅವನ ಕೈಯಲ್ಲೇ ಇರಲಿ. ಆಮೇಲೆ ಅವನು ಮಲಗಲು ಹೋದರೂ ಪರವಾಗಿಲ್ಲ. ದೊಡ್ಡವನು ಬೈಬಲಿನಿಂದ ಅಂದಿನ ಶುಭಸಂದೇಶ ಓದಲಿ. ‘ಜಪಸರ ಮುಗಿಸಿದರೆ ಮೊಬೈಲು ಕೊಡ್ತೇನೆ’ ಎಂಬ ಮಾತು ಮಾತ್ರ ಬೇಡ. ಪ್ರಾರ್ಥನೆ ದಂಡ, ಮೊಬೈಲು ಬಹುಮಾನ ಎಂದು ಮಗು ಕಲಿಯುವುದು ಅಲ್ಲೇ. ಬಾಲಯೇಸು ಜ್ಞಾನದಲ್ಲಿ ಮಾತ್ರವಲ್ಲ, ಮೈಯಲ್ಲೂ ಬೆಳೆದ ಎಂದು ಲೂಕ 2:52 ಹೇಳುತ್ತದೆ. ಅದನ್ನು ಮಕ್ಕಳಿಗೂ ಓದಿ ಹೇಳಿ.

ಪ್ರಶ್ನೆ: ಒಂಬತ್ತು, ಹನ್ನೆರಡು ವರ್ಷದ ಅಣ್ಣತಮ್ಮಂದಿರು ದಿನಾ ಕುಸ್ತಿ ಬೀಳುತ್ತಾರೆ. ಕ್ರೈಸ್ತರ ಮನೆಯಲ್ಲಿ ಇದೇನು ಎಂದು ನನ್ನವಳು ಬೈಯುತ್ತಾಳೆ. ನಿಲ್ಲಿಸಬೇಕೆ?
– ಒಬ್ಬ ತಂದೆ, ಶಿರಸಿ

ಉತ್ತರ: ನಿಲ್ಲಿಸಬೇಡಿ, ನೀವೂ ಚಾಪೆಗೆ ಇಳಿಯಿರಿ. ಅದಕ್ಕೂ ಮೊದಲು ಅವರ ಮುಖ ನೋಡಿ. ನಗುವಿದ್ದು, ಅಂಗೈ ಬಿಚ್ಚಿದ್ದು, ಒಮ್ಮೆ ಇವನು ಮೇಲೆ ಒಮ್ಮೆ ಅವನು ಮೇಲೆ ಬರುತ್ತಿದ್ದರೆ ಅದು ಆಟ. ಮುಷ್ಟಿ ಬಿಗಿದಿದ್ದರೆ, ಒಬ್ಬ ಬಿಡಿಸಿಕೊಂಡು ಓಡಲು ನೋಡುತ್ತಿದ್ದರೆ ಜಗಳ, ಆಗ ಬೇರ್ಪಡಿಸಿ.

ನೆಲಕ್ಕೆ ಗಾದಿ ಹಾಸಿ. ನಿಂತು ಹಿಡಿಯುವುದು ಬೇಡ, ಇಬ್ಬರೂ ಮಂಡಿಯೂರಲಿ. ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ಕುತ್ತಿಗೆ, ಮುಖ, ಕೂದಲು ಮುಟ್ಟುವಂತಿಲ್ಲ. ಒಂದೊಂದು ಸುತ್ತೂ ಎರಡು ನಿಮಿಷ. ದೊಡ್ಡವನು ಒಂದೇ ಕೈಯಲ್ಲಿ ಆಡಲಿ. ಯಾರೇ ‘ಸಾಕು’ ಎಂದರೂ ಆ ಕ್ಷಣ ಕೈ ಬಿಡಬೇಕು, ಅಪ್ಪನಾದರೂ ಅಷ್ಟೇ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಇದು. ತನಗಿಂತ ಬಲವಾದವನು ತನ್ನ ಒಂದು ಮಾತಿಗೆ ಕೈ ಬಿಟ್ಟದ್ದನ್ನು ಕಂಡ ಹುಡುಗ, ತನಗಿಂತ ಸಣ್ಣವರ ಮಾತಿಗೂ ಕೈ ಬಿಡುತ್ತಾನೆ. ಅಪ್ಪಂದಿರು ತಪ್ಪುವುದು ಎರಡು ಕಡೆ: ಯಾವಾಗಲೂ ತಾವೇ ಗೆಲ್ಲುವುದು, ಸೋತ ಮಗನನ್ನು ಕೆಣಕುವುದು. ಮಕ್ಕಳನ್ನು ರೇಗಿಸಬೇಡಿ ಎಂದು ಎಫೆಸ 6:4 ತಂದೆಯರಿಗೇ ಹೇಳಿದ್ದು.

ಪೆಟ್ಟಾದರೆ ಏದುಸಿರಿನಲ್ಲೇ ‘ಸಾರಿ’ ಹೇಳಿಸಬೇಡಿ. ಪೆಟ್ಟು ಕೊಟ್ಟವನೇ ತಣ್ಣೀರಿನ ಬಟ್ಟೆ ತಂದು ಒತ್ತಲಿ, ಮಾತು ಆಮೇಲೆ. ಮಲಗುವ ಒಂದು ಗಂಟೆ ಮೊದಲೇ ಆಟ ಮುಗಿಯಲಿ, ಇಲ್ಲವಾದರೆ ನಿದ್ದೆ ಹತ್ತದು.

ಪ್ರಶ್ನೆ: ಭಾನುವಾರ ಪೂಜೆ ಮುಗಿದ ಮೇಲೆ ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು, ಖರ್ಚಿಲ್ಲದ್ದು ಹೇಳಿ.
– ಕುಮಟಾ

ಉತ್ತರ: ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಬಳಚು (ಚಿಪ್ಪುಮೀನು) ಹೆಕ್ಕಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಕಳೆದ ಭಾನುವಾರ ಹತ್ತಕ್ಕೆ ಇಳಿತವಿತ್ತೆಂದು ಈ ಭಾನುವಾರ ಅದೇ ಹೊತ್ತಿಗೆ ಹೋದರೆ ಉಬ್ಬರವೇ ಎದುರಾದೀತು. ಅಲ್ಲಿಯವರನ್ನು ಕೇಳಿಕೊಂಡೇ ಇಳಿಯಿರಿ. ಮಕ್ಕಳಿಗೆ ಮೊಣಕಾಲು ನೀರೇ ಗಡಿ, ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ, ಮಳೆಗಾಲದಲ್ಲಿ ಬೇಡವೇ ಬೇಡ. ಸಣ್ಣವನ್ನು ಅಲ್ಲೇ ಬಿಡಿ. ತಂದದ್ದನ್ನು ಎರಡು ಮೂರು ಗಂಟೆ ಉಪ್ಪುನೀರಿನಲ್ಲಿಟ್ಟರೆ ಮರಳು ಉಗುಳುತ್ತವೆ. ಬೇಯಿಸಿದ ಮೇಲೂ ಬಾಯಿ ಬಿಡದ್ದನ್ನು ಎಸೆಯಿರಿ. ಪುನರುತ್ಥಾನವಾದ ಯೇಸು ದಂಡೆಯಲ್ಲಿ ಕೆಂಡ ಹಾಕಿ, ರಾತ್ರಿಯೆಲ್ಲ ಬಲೆ ಬೀಸಿ ದಣಿದ ಶಿಷ್ಯರಿಗೆ ಮೀನು ಸುಟ್ಟುಕೊಟ್ಟದ್ದು ಯೋಹಾನ 21ರಲ್ಲಿದೆ. ಬಳಚು ಒಲೆಯ ಮೇಲಿರುವಾಗ ಓದಲು ಅದಕ್ಕಿಂತ ಒಳ್ಳೆಯ ಭಾಗ ಸಿಗದು.

ಪ್ರಶ್ನೆ: ನಾನು ಗಲ್ಫ್‌ನಲ್ಲಿ. ಡಿಸೆಂಬರಿನಲ್ಲಿ ಒಂದು ತಿಂಗಳು ರಜೆ. ಹನ್ನೊಂದು ವರ್ಷದ ಮಗ ನನ್ನೊಡನೆ ಮಾತೇ ಆಡುವುದಿಲ್ಲ.
– ಹೊನ್ನಾವರ

ಉತ್ತರ: ಎದುರು ಕೂರಿಸಿ ಮಾತಾಡಿಸಬೇಡಿ. ಪಕ್ಕದಲ್ಲಿ ಕೂತು ಕ್ರಿಸ್ಮಸ್ ನಕ್ಷತ್ರ ಕಟ್ಟಿ. ಕೈಗೆ ಕೆಲಸವಿದ್ದರೆ ಆ ವಯಸ್ಸಿನ ಹುಡುಗರ ಮಾತು ತಾನಾಗಿ ಹೊರಡುತ್ತದೆ.

ಹಸಿ ಬಿದಿರಿನ ಮೂರಡಿ ಉದ್ದದ ಸೀಳು ಹತ್ತು, ಆರಿಂಚಿನ ತುಂಡು ಐದು. ಒಣ ಬಿದಿರು ಬಾಗಿಸುವಾಗ ಮುರಿಯುತ್ತದೆ. ಪ್ರತಿ ಸೀಳಿಗೂ ಎರಡು ತುದಿಯಿಂದ 13¾ ಇಂಚಿಗೆ ಗುರುತು ಹಾಕಿ, ಸೀಳುಗಳು ಒಂದನ್ನೊಂದು ದಾಟುವುದು ಅಲ್ಲೇ. ಗುರುತು ತಪ್ಪಿದರೆ ನಕ್ಷತ್ರ ಕುಂಟುತ್ತದೆ. ಐದೈದು ಸೀಳಿನ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದೂ ತುದಿ ಬಿಗಿಯಿರಿ. ಆಮೇಲೆ ನಡುವಿನ ಐದು ಕೂಡುಗಳಲ್ಲಿ ಆರಿಂಚಿನ ತುಂಡು ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ನೀವು ಹಿಡಿಯಿರಿ, ದಾರ ಮಗನೇ ಸುತ್ತಲಿ. ಅವನ ಗಂಟು ಸಡಿಲವಿದ್ದರೆ ಅವನಿಗೇ ತೋರಿಸಿ. ಅವನು ಮಲಗಿದ ಮೇಲೆ ಬಿಚ್ಚಿ ಕಟ್ಟುವುದು ಮಾತ್ರ ಬೇಡ.

ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚಿ, ಬಲ್ಬಿಗಾಗಿ ಒಂದು ಮುಖ ತೆರೆದಿಡಿ. ಎಲ್‌ಇಡಿಯನ್ನೇ ಹಾಕಿ, ಹಳೆಯ ತಂತಿ ಬಲ್ಬಿನ ಬಿಸಿಗೆ ಕಾಗದ ಹೊತ್ತಿಕೊಂಡೀತು. ರಾತ್ರಿಯ ಇಬ್ಬನಿಗೆ ಕಾಗದ ಜೋಲುವುದರಿಂದ ಮಾಡಿನ ಕೆಳಗೇ ತೂಗಿಸಿ. ನೀವು ಹೊರಡುವ ಮುಂಚೆ ಇಬ್ಬರೂ ಸೇರಿ ಕಾಗದ ಕಿತ್ತು, ಚೌಕಟ್ಟನ್ನು ಅಟ್ಟಕ್ಕೆ ಏರಿಸಿಡಿ. ಮುಂದಿನ ವರ್ಷ ರಜೆ ಸಿಗದಿದ್ದರೂ ವಿಡಿಯೋ ಕಾಲ್‌ನಲ್ಲಿ ನೀವು ನೋಡುತ್ತಿರುವಾಗ ಅವನೇ ಹೊಸ ಕಾಗದ ಹಚ್ಚಬಹುದು.