ಚಿಕ್ಕಮಗಳೂರಾ, ಹಾಸನವಾ, ಬೆಂಗಳೂರಾ? ಒಂಟಿ ಗೇ ಗಂಡಸು ಎಲ್ಲಿ ಮನೆ ಮಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 29, ಗೇ, ಒಬ್ಬರೇ ಇದ್ದೀರಿ. ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಕೆಲಸ. ವರ್ಗಾವಣೆಗೆ ಹಾಸನ ಅಥವಾ ಬೆಂಗಳೂರು ಕೇಳಬಹುದು, ಇಲ್ಲಾ ಇದ್ದಲ್ಲೇ ಇರಬಹುದು. ಬಾಳಿಕೆ ಬರುವಂಥ ಸಂಬಂಧ ಬೇಕು, ಯಾವ ಊರಿನಲ್ಲಿದ್ದರೆ ಒಳ್ಳೇದು ಅಂತ ಕೇಳಿದ್ದೀರಿ. ಎಲ್ಲರೂ ಬೆಂಗಳೂರು ಅಂತಾರೆ. ನಾನು ಹಾಸನ ಅಂತೀನಿ.

ನನಗೀಗ 38. ಹುಟ್ಟಿದ್ದು ಮೂಡಿಗೆರೆ ಕಡೆಯ ಒಂದು ಹಳ್ಳಿಯಲ್ಲಿ. ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಅಷ್ಟೇ ಆಸ್ತಿ. ಫೋನಿಗೆ ಗ್ರೈಂಡರ್ ಅನ್ನೋ ಗೇ ಡೇಟಿಂಗ್ ಆ್ಯಪ್ ಹಾಕಿಕೊಂಡ ಮೊದಲ ರಾತ್ರಿ ಇನ್ನೂ ನೆನಪಿದೆ. (ಅಮ್ಮನ ಕಿವಿಗೆ ಆ ಹೆಸರು ಬಿದ್ದಿದ್ದರೂ ಹಿಟ್ಟು ರುಬ್ಬೋದು ಅಂದುಕೊಳ್ಳುತ್ತಿದ್ದರು.) ನೆಟ್‌ವರ್ಕ್ ಸಿಗುತ್ತಿದ್ದುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಟಾರ್ಪಾಲ್ ಮುಚ್ಚಿದ ಹಣ್ಣಿನ ರಾಶಿ ಪಕ್ಕ ಕೂತು ನೋಡಿದೆ. ಹತ್ತಿರದವನೇ 27 ಕಿಲೋಮೀಟರ್ ದೂರ. ಮುಖ ಇಲ್ಲ, ಬರೀ ಬೆನ್ನು. ಎರಡನೆಯವನದು ಬೆನ್ನೂ ಇಲ್ಲ, ಮುಳ್ಳಯ್ಯನಗಿರಿ ಫೋಟೊ. ಆದರೂ ಖುಷಿಯಾಯಿತು. ಈ ಬೆಟ್ಟಗಳ ಮಧ್ಯೆ ನಾನೊಬ್ಬನೇ ಅಲ್ಲ ಅಂತ ಗೊತ್ತಾಯಿತಲ್ಲ.

ಚಿಕ್ಕಮಗಳೂರಿನ ವಿಷಯ ನಿಮಗೇ ಗೊತ್ತಿರುತ್ತೆ. ಶುಕ್ರವಾರ ರಾತ್ರಿ ಆ್ಯಪ್ ತೆಗೆದರೆ ಜಾತ್ರೆ. ಎಲ್ಲಾ ಹೋಮ್‌ಸ್ಟೇಗೆ ಬಂದ ಬೆಂಗಳೂರಿನವರು. ಭಾನುವಾರ ಸಂಜೆ ಹೊತ್ತಿಗೆ ಖಾಲಿ. ಬಂದವರು ಕೆಟ್ಟವರು ಅಂತಲ್ಲ. ಅವರಿಗೆ ನೀವೂ ಆ ಟ್ರಿಪ್ಪಿನ ಒಂದು ಭಾಗ, ಝರಿ ಇದ್ದ ಹಾಗೆ. ಇನ್ನು ಅಲ್ಲೇ ಇರುವವರ ಜೊತೆ ಮಾತು ಶುರುವಾದರೆ ಎರಡನೇ ಪ್ರಶ್ನೆಯೇ "ಯಾವ ಊರಾಯ್ತು, ಯಾರ ಮನೆಯವರು?" ಅದಕ್ಕೆ ನಿಜ ಹೇಳಿದರೆ ಅವರ ಭಾವನೋ ಮಾವನೋ ನಮ್ಮಪ್ಪನಿಗೆ ಗೊತ್ತಿರುತ್ತಾರೆ. ಅಲ್ಲಿಗೆ ಇಬ್ಬರೂ ಬ್ಲಾಕ್.

ಬೆಂಗಳೂರಿನಲ್ಲಿ ಆರು ವರ್ಷ ಇದ್ದೆ. ಯಶವಂತಪುರದ ಪಿಜಿಯಲ್ಲಿ, ಒಂದು ರೂಮಿಗೆ ಮೂರು ಜನ. ಮೊದಲ ಭೇಟಿಗಳಿಗೆ ಬರವೇ ಇರಲಿಲ್ಲ. ಬರ ಇದ್ದದ್ದು ಮೂರನೇ ಭೇಟಿಗೆ. ಅವನು ಎಚ್‌ಎಸ್‌ಆರ್ ಲೇಔಟಿನಲ್ಲಿದ್ದರೆ ಹೋಗೋಕೇ ಒಂದೂವರೆ ಗಂಟೆ. ಹೋದರೂ ಕಾಫಿ ಕುಡಿದು ವಾಪಸ್ ಬರಬೇಕು, ಯಾಕಂದ್ರೆ ಅವನದೂ ಪಿಜಿ. ಜೊತೆಗೆ, ಇವನಲ್ಲದಿದ್ದರೆ ಇನ್ನೊಬ್ಬ ಸಿಗ್ತಾನೆ ಅನ್ನೋ ಧೈರ್ಯ ಅವನಿಗೂ ಇತ್ತು, ನನಗೂ ಇತ್ತು. ಯಾರನ್ನು ದೂರೋದು?

ಹಾಗಂತ ಆ ಆರು ವರ್ಷ ದಂಡ ಅಂತ ಹೇಳಲಾರೆ. ಅಲ್ಲಿ ಗುಡ್ ಆ್ಯಸ್ ಯು ಅನ್ನೋ ನಮ್ಮಂಥವರ ಗುಂಪು 1994ರಲ್ಲೇ ಶುರುವಾಗಿದೆ. ನಮ್ಮವರ ಪ್ರೈಡ್ ಮೆರವಣಿಗೆ 2008ರಿಂದ ನಡೆಯುತ್ತಿದೆ. ಒಮ್ಮೆ ಹೀಗೇ ಹತ್ತು ಹನ್ನೆರಡು ಜನ ಸೇರಿದ್ದಾಗ, ಮಂಡ್ಯದ ಕಡೆಯವರೊಬ್ಬರು "ನಮ್ಮನೆಯವನು ಮುದ್ದೆ ಮುಟ್ಟಲ್ಲ ಕಣ್ರೀ, ದಿನಾ ಎರಡೆರಡು ಅಡುಗೆ" ಅಂತ ಗೊಣಗಿದರು. ಐವತ್ತು ದಾಟಿದ ಮನುಷ್ಯ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತೆ. ಗಂಡಸೊಬ್ಬ ಇನ್ನೊಬ್ಬ ಗಂಡಸಿನ ಬಗ್ಗೆ ಕನ್ನಡದಲ್ಲಿ ಹೀಗೆ ಸಂಸಾರಸ್ಥರ ಹಾಗೆ ಗೊಣಗಬಹುದು ಅಂತ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ನೀವು ಇದುವರೆಗೆ ನಮ್ಮಂಥವರ ಜೊತೆ ಒಂದು ಸಂಜೆಯೂ ಕೂತಿಲ್ಲ ಅಂದರೆ, ನನ್ನ ಮಾತು ಬಿಡಿ, ಮೊದಲು ಎರಡು ವರ್ಷ ಬೆಂಗಳೂರಿಗೆ ಹೋಗಿ.

ಕೂತಿದ್ದೀರಿ ಅಂದರೆ, ಹಾಸನ. ನಾನು ಕೆಲಸದ ಮೇಲೆ ಇಲ್ಲಿಗೆ ಬಂದೆ. ವಿದ್ಯಾನಗರದಲ್ಲಿ ಮೊದಲ ಮಹಡಿಯ ಮನೆ ಸಿಕ್ಕಿತು. ಮೆಟ್ಟಿಲು ಹೊರಗಿನಿಂದ. ಬಾಗಿಲು ಹಾಕಿಕೊಂಡರೆ ಮನೆ ನನ್ನದು. ಬೆಂಗಳೂರಿನ ಪಿಜಿಗೆ ಕೊಡುತ್ತಿದ್ದ ದುಡ್ಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2017ರಲ್ಲಿ ಶ್ರವಣಬೆಳಗೊಳದ ಮೇಲಿನ ರೈಲು ದಾರಿ ಆದ ಮೇಲೆ ಬೆಂಗಳೂರು ಮೂರು ಗಂಟೆ ಚಿಲ್ಲರೆ. ಮೈಸೂರಿಗೂ ಮಂಗಳೂರಿಗೂ ಬಸ್ಸು. ಜನರನ್ನು ನೋಡಬೇಕು ಅನ್ನಿಸಿದಾಗ ಹೋಗುತ್ತೇನೆ, ಬದುಕೋಕೆ ವಾಪಸ್ ಬರುತ್ತೇನೆ.

ಅವನು ಸಿಕ್ಕಿದ್ದೂ ಹಾಗೇ. ನವೆಂಬರಿನ ಪ್ರೈಡ್‌ಗೆ ಹೋಗಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದವನನ್ನು ಯಾವ ಊರು ಅಂತ ಕೇಳಿದೆ. ಅರಸೀಕೆರೆ! ನಮ್ಮ ಮನೆಯಿಂದ ಸುಮಾರು 45 ಕಿಲೋಮೀಟರ್. ಕೊಬ್ಬರಿ ವ್ಯಾಪಾರ, ಮನೆಯಲ್ಲಿ ಅಮ್ಮ. ಇಬ್ಬರೂ ಪರಿಚಯ ಆಗೋಕೆ ಬೆಂಗಳೂರಿಗೇ ಹೋಗಬೇಕಾಯಿತು. ಆದರೆ ಅದು ಮೂರನೇ ಭೇಟಿಗೆ, ಮೂವತ್ತನೇ ಭೇಟಿಗೆ ಬಂದದ್ದು ಈ ಮನೆಯಿಂದ. ಶನಿವಾರ ಸಂಜೆ ಬರುತ್ತಾನೆ, ಸೋಮವಾರ ಬೆಳಗ್ಗೆ ಹೋಗುತ್ತಾನೆ. ಸೊಪ್ಪು ಬಿಡಿಸುತ್ತಾನೆ, ಟೀವಿ ಮುಂದೆ ನಿದ್ದೆ ಹೊಡೆಯುತ್ತಾನೆ. ಜಗಳ ಆಡೋಕೂ ಜಾಗ ಬೇಕು ಸ್ವಾಮಿ. ಹೋಟೆಲ್ ಟೇಬಲ್ ಮೇಲೆ ಸರಿಯಾಗಿ ಜಗಳ ಆಡೋಕಾಗಲ್ಲ.

ಕೆಳಗಿನ ಮನೆಯ ಓನರ್ ಆಂಟಿ ಒಂದು ವಾರ "ನಿಮ್ಮ ಫ್ರೆಂಡ್ ಯಾಕೆ ಬರ್ಲಿಲ್ಲ?" ಅಂದಾಗ ಎದೆ ಧಸಕ್ಕೆಂದಿತು. ಮುಂದಿನ ಹಬ್ಬಕ್ಕೆ ಕಡುಬು ಕಳಿಸಿದರು, ಎರಡು ತಟ್ಟೆ. ಗೊತ್ತಾಗಿದೆಯಾ? ಆಗಿರಲಾರದು, ಯಾಕಂದ್ರೆ ಅದೇ ತಿಂಗಳು ಅಣ್ಣನ ಮಗಳ ಜಾತಕವನ್ನೂ ತಂದಿದ್ದರು. ಇಬ್ಬರು ಗಂಡಸರು ಒಂದು ಮನೆಯಲ್ಲಿದ್ದರೆ ನಮ್ಮೂರುಗಳಲ್ಲಿ ಅನುಮಾನ ಕಡಿಮೆ. ಪ್ರೀತಿಸಿದ ಗಂಡು ಹೆಣ್ಣಿಗೆ ಆ ಅನುಕೂಲ ಇಲ್ಲ. ಆದರೆ ಇದು ಬಚ್ಚಿಟ್ಟುಕೊಂಡ ಬಾಳು, ಸುಳ್ಳು ಹೇಳಲ್ಲ. ಕೈ ಹಿಡಿದು ಬಿ.ಎಂ. ರಸ್ತೆಯಲ್ಲಿ ನಡೆಯಬೇಕು ಅನ್ನೋದು ನಿಮಗೆ ಮುಖ್ಯವಾದರೆ ಹಾಸನ ಉಸಿರು ಕಟ್ಟಿಸುತ್ತೆ.

ವರ್ಗಾವಣೆ ಅರ್ಜಿ ಹಾಕುವ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳಿ. ಮದುವೆಯಾದ ಸಹೋದ್ಯೋಗಿಗಳು ಸಂಗಾತಿ ಇರುವ ಊರಿಗೆ ಹಾಕಿಕೊಡಿ ಅಂತ ಕೇಳಬಹುದು. ನಮಗೆ ಆ ದಾರಿ ಇಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಮ್ಮ ಮದುವೆಗೆ ಮಾನ್ಯತೆ ಕೊಡಲಿಲ್ಲವಲ್ಲ. ಹಾಗಾಗಿ ಯಾರೋ ಸಿಕ್ಕ ಮೇಲೆ ಊರು ಬದಲಿಸಿದರಾಯಿತು ಅಂದುಕೊಳ್ಳಬೇಡಿ. ನಾಲ್ಕು ದಿಕ್ಕಿಗೂ ಹತ್ತಿರ ಇರುವ ಊರನ್ನು ಈಗಲೇ ಕೇಳಿ. ನಮ್ಮಂಥ ಜೋಡಿಗಳ ಜಂಟಿ ಖಾತೆ, ನಾಮಿನಿಗೆ ಅಡ್ಡಿ ಇಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಹೇಳಿದೆ. ಬ್ಯಾಂಕಿನವರು ನೀವು, ಅದನ್ನು ನಾನು ಹೇಳಬೇಕಾ.

ಇನ್ನೊಂದು ಮಾತು. ಚಿಕ್ಕ ಊರಿನಲ್ಲಿ ಆ್ಯಪ್ ಮೇಲೆ ಬಲೆ ಬೀಸುವವರಿದ್ದಾರೆ. ನನ್ನ ಗೆಳೆಯನೊಬ್ಬ ಒಂದೇ ಸಂಜೆಗೆ 18 ಸಾವಿರ ಕಳೆದುಕೊಂಡ. "ಪೊಲೀಸರಿಗೆ ಹೇಳ್ತೀವಿ, ಮನೆಗೆ ಹೇಳ್ತೀವಿ" ಅಂತ ಹೆದರಿಸಿದರಂತೆ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಒಪ್ಪಿ ಕೂಡುವ ವಯಸ್ಕರದು ಅಪರಾಧವೇ ಅಲ್ಲ. ಹೆದರಿಸಿ ದುಡ್ಡು ಕೀಳೋದು ಅಪರಾಧ. ಆನ್‌ಲೈನಿನಲ್ಲಿ ದುಡ್ಡು ಕಿತ್ತುಕೊಂಡರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಭೇಟಿ ಜನ ಇರುವ ಹೋಟೆಲಿನಲ್ಲೇ ಆಗಲಿ.

ಹಾಸನದ ಒಂದು ತೊಂದರೆ ಮಾತ್ರ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಗುಡಿ ಬಾಗಿಲು ತೆರೆಯುತ್ತೆ. ವರ್ಷಕ್ಕೆ ಆ ಕೆಲವೇ ದಿನ. ಹಾಸನದಲ್ಲಿ ಮನೆ ಇದೆ ಅಂದರೆ ಮುಗೀತು, ಮೂಡಿಗೆರೆಯ ಅಷ್ಟೂ ನೆಂಟರು ಚೀಲ ಸಮೇತ ಹಾಜರ್. ಅವನು ಆ ದಿನಗಳಲ್ಲಿ ಅರಸೀಕೆರೆಯಲ್ಲೇ ಇರುತ್ತಾನೆ. ನಾನು ದರ್ಶನದ ಸಾಲಿನಲ್ಲಿ ಚಿಕ್ಕಮ್ಮನ ಬ್ಯಾಗು ಹಿಡಿದು ನಿಂತು, ಲೈನ್ ಎಷ್ಟು ಮುಂದೆ ಹೋಯಿತು ಅಂತ ಅವನಿಗೆ ಮೆಸೇಜ್ ಮಾಡುತ್ತಿರುತ್ತೇನೆ.