ಪ್ರತಿಕ್ರಿಯೆ: ತಂಗಿಯ ಒಸಿಡಿಗೆ ಮಾತ್ರೆಯಾ, ಥೆರಪಿಯಾ?

ತಂಗಿಗೆ ಒಸಿಡಿ (ಬೇಡದ ಯೋಚನೆ, ಭಯ ಮತ್ತೆ ಮತ್ತೆ ಬಂದು ಮಾಡಿದ್ದನ್ನೇ ಮಾಡಿಸುವ ಮಾನಸಿಕ ಕಾಯಿಲೆ), ದಿನವಿಡೀ ಕೈ ತೊಳೆಯುತ್ತಾಳೆ, ಉಡುಪಿಯ ಡಾಕ್ಟರ್ ಅದಕ್ಕೆ ಸೆರ್ಟ್ರಾಲಿನ್ ಮಾತ್ರೆ ಬರೆದಿದ್ದಾರೆ, ಚಿಕ್ಕಮ್ಮ 'ಮಾತ್ರೆ ಬೇಡ, ಕೌನ್ಸೆಲಿಂಗ್ ಸಾಕು' ಅನ್ನುತ್ತಾರೆ ಅಂದಿದ್ದೀರಿ.

ಸುಮ್ನೆ ಮಾತಾಡಿಸುವ ಕೌನ್ಸೆಲಿಂಗ್‌ಗೆ ಒಸಿಡಿ ಬಗ್ಗುವುದು ಕಡಿಮೆ. ನೀವು ಕೇಳಬೇಕಾದ್ದು ಇಆರ್‌ಪಿ ಎಂಬ ವರ್ತನೆಯ ಥೆರಪಿ: ಹೆದರಿಸುವುದನ್ನು ಬೇಕಂತಲೇ ಎದುರಿಸಿ, ಆಮೇಲೆ ತೊಳೆಯುವಂಥ ಕೆಲಸವನ್ನು ತಡೆದುಕೊಳ್ಳುವುದು. ನನ್ನ ತಮ್ಮನಿಗೆ ಮಾಡಿಸಿದ್ದು ಹೀಗೆ: ಸಿಟಿ ಬಸ್ಸಿನ ಕಂಬಿ ಹಿಡಿಯಬೇಕು, ಇಳಿದ ಮೇಲೆ ಕೈ ತೊಳೆಯಬಾರದು. ಮೊದಲ ದಿನ ಪೂರ್ತಿ ಬೆವತು ಹೋಗಿದ್ದ. ತೊಳೆಯದೆ ಕೂತರೂ ಭಯ ತಾನಾಗಿ ಇಳಿಯುತ್ತದೆ ಅಂತ ಅವನಿಗೇ ಗೊತ್ತಾಗಬೇಕು, ಅದೇ ಅದರ ಗುಟ್ಟು. ಆದರೆ ಬಚ್ಚಲಿಂದ ಹೊರಗೆ ಬರಲೂ ಆಗದಷ್ಟು ಜಾಸ್ತಿಯಾಗಿದ್ದರೆ, ಇದಕ್ಕೆ ಧೈರ್ಯ ಎಲ್ಲಿಂದ ಬರಬೇಕು, ಅಲ್ವಾ? ಅಲ್ಲಿ ಮಾತ್ರೆ ಕೈಹಿಡಿಯುತ್ತದೆ. ಎರಡೂ ಒಟ್ಟಿಗೇ ನಡೆಯಬಹುದು.

ಮಾತ್ರೆಯ ಪೂರ್ತಿ ಪರಿಣಾಮ ತಿಳಿಯಲು 8ರಿಂದ 12 ವಾರ ಬೇಕು. ಎರಡೇ ವಾರಕ್ಕೆ 'ಏನೂ ಆಗಲಿಲ್ಲ' ಅಂತ ನಿಲ್ಲಿಸಬೇಡಿ. (ನಮ್ಮಮ್ಮ ತಮ್ಮನ ಮಾತ್ರೆ ಹಾಗೆ ನಿಲ್ಲಿಸಿ, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.) ದರ್ಶನದಲ್ಲಿ (ಮೈಮೇಲೆ ಬಂದ ದೈವದ ಹತ್ತಿರ) ಕೇಳುವುದಿದ್ದರೆ ಕೇಳಿ, ಮಾತ್ರೆ ಮಾತ್ರ ತಪ್ಪಿಸಬೇಡಿ.

ಇಆರ್‌ಪಿ ಗೊತ್ತಿರುವ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಅಂತ ಅದೇ ಡಾಕ್ಟರ ಹತ್ತಿರ ಕೇಳಿ. ಅಷ್ಟರೊಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.