ಪುಡಿ ಕಲಸೋಕೆ ಮುಂಚೆ ನಿಮ್ಮನೆ ನೀರು ಎಂಥದ್ದು ನೋಡ್ಕೊಳ್ಳಿ

ಡಿಶ್‌ವಾಷರ್ ರಿಪೇರಿ ಮಾಡೋನು ನಾನು, ಅಡುಗೆ ಸಲಹೆ ಕೊಡೋನಲ್ಲ. ಆದ್ರೂ ಡಿಶ್‌ವಾಷರ್‌ಗೆ ಅಂತ ಮನೇಲೇ ಮಾಡಿದ ಪುಡಿ ಬಗ್ಗೆ ಬರೋ ಮೆಸೇಜ್ ನೋಡಿ ನೋಡಿ ಸಾಕಾಗಿದೆ, ಒಂದ್ಸಲ ಹೇಳಿ ಮುಗಿಸ್ತೀನಿ.

ಪ್ರಶ್ನೆ: ಸರ್, ವಾಷಿಂಗ್ ಸೋಡಾ, ಅಡುಗೆ ಸೋಡಾ, ಸಿಟ್ರಿಕ್ ಆಸಿಡ್, ಉಪ್ಪು ಕಲಸಿ ಪುಡಿ ಮಾಡ್ಕೊಂಡೆ. ಮೊದಲ ಎರಡು ವಾರ ಸೂಪರ್ ಆಗಿತ್ತು. ಈಗ ಗಾಜಿನ ಲೋಟ ಎಲ್ಲಾ ಮಜ್ಜಿಗೆ ಕುಡಿದಿಟ್ಟ ಹಾಗೆ ಬೆಳ್ಳಗೆ. ಪುಡೀಲೇ ಉಪ್ಪಿದೆ ಅಂತ ಮಷಿನ್‌ಗೆ ಬೇರೆ ಉಪ್ಪು ಹಾಕೋದು ಬಿಟ್ಟಿದೀನಿ. ನಮ್ಮದು ವೈಟ್‌ಫೀಲ್ಡ್, ಬೋರ್ ನೀರು.

ಉತ್ತರ ನಿಮ್ಮ ಪ್ರಶ್ನೇಲೇ ಇದೆಯಲ್ಲ ಮೇಡಂ. ಉಪ್ಪು ಪಾತ್ರೆ ತೊಳೆಯೋಕೆ ಅಲ್ಲ. ಮಷಿನ್ ತಳದಲ್ಲಿ ತಿರುಪು ಮುಚ್ಚಳದ ಒಂದು ಡಬ್ಬ ಇದೆ, ಅದರ ಪಕ್ಕದಲ್ಲೇ ರೆಸಿನ್ ಅಂತ ಸಣ್ಣ ಸಣ್ಣ ಮಣಿಗಳು. ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂನ ಆ ಮಣಿಗಳು ಹಿಡ್ಕೊಳ್ತವೆ, ಹಿಡಿದು ಹಿಡಿದು ತುಂಬಿದ ಮೇಲೆ ಉಪ್ಪುನೀರು ಬಂದು ಅವನ್ನ ತೊಳೆದು ಖಾಲಿ ಮಾಡ್ಬೇಕು. ನೀವು ಉಪ್ಪನ್ನ ಸೋಪಿನ ಜಾಗಕ್ಕೆ ಹಾಕಿದ್ರೆ ಅದು ಮಣಿ ಹತ್ರ ಹೋಗೋದೇ ಇಲ್ಲ, ಸುಮ್ನೆ ಸ್ಟೀಲ್ ಚಮಚದ ಮೇಲೆ ತುಕ್ಕು ಚುಕ್ಕೆ ಮಾಡಿ ಡ್ರೈನಿಗೆ ಹೋಗತ್ತೆ. ಮೊದಲ ಎರಡು ವಾರ ಕೆಲಸ ಮಾಡಿದ್ದು ನಿಮ್ಮ ಪುಡಿ ಅಲ್ಲ, ಡಬ್ಬದಲ್ಲಿ ಉಳಿದಿದ್ದ ಹಳೇ ಉಪ್ಪು.

ಈಗ ಗಡಸು ನೀರಿಗೆ ವಾಷಿಂಗ್ ಸೋಡಾ ಬಿದ್ರೆ ಏನಾಗತ್ತೆ? ಸುಣ್ಣದ ಪುಡಿ ಆಗಿ ಕೂರತ್ತೆ. ಲೀಟರಿಗೆ 400 ಮಿಲಿಗ್ರಾಂ ಗಡಸುತನ ಅಂದ್ಕೊಳ್ಳಿ (ಕುಡಿಯೋ ನೀರಿಗೆ ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ, ಹೇಳೋದು 200, ಬೇರೆ ನೀರೇ ಇಲ್ಲ ಅಂದ್ರೆ 600 ತನಕ), ಮಷಿನ್ ಒಂದ್ಸಲ ಮೂರೂವರೆ ಲೀಟರ್ ತುಂಬಿಸ್ಕೊಂಡ್ರೆ ಅದ್ರಲ್ಲೇ ಸುಮಾರು 1.4 ಗ್ರಾಂ ಸುಣ್ಣ ಕೂರೋಕೆ ರೆಡಿ. ಲೋಟದ ಮೇಲೆ ಕೂತಿರೋದು ಅದೇ. ಒಂದು ನಿಂಬೆ ಹೋಳು ತಗೊಂಡು ಉಜ್ಜಿ ನೋಡಿ, ಹೋದ್ರೆ ಸುಣ್ಣ, ಹೋಗ್ಲಿಲ್ಲ ಅಂದ್ರೆ ಗಾಜೇ ಸವೆದಿದೆ, ಆ ಲೋಟದ ಆಸೆ ಬಿಡಿ.

ಇನ್ನು ಸಿಟ್ರಿಕ್ ಆಸಿಡ್. ಇದನ್ನ ಸೋಡಾ ಜೊತೆ ಒಂದೇ ಡಬ್ಬೀಲಿ ಕಲಸಿ ಅಂತ ವಿಡಿಯೋ ಮಾಡಿದವರು ಒಂದು ಮಳೆಗಾಲ ಆ ಡಬ್ಬಿ ಇಟ್ಟು ನೋಡಿಲ್ಲ ಅಂತ ಕಾಣತ್ತೆ. ಒಂಚೂರು ತೇವ ಸಿಕ್ರೆ ಸಾಕು, ಬುಸುಬುಸು ಅಂತ ಗ್ಯಾಸ್ ಬಂದು ಪುಡಿ ಕಲ್ಲಾಗತ್ತೆ. ಕಲ್ಲಾಗದೇ ಇದ್ರೂ ನೀರಿಗೆ ಬಿದ್ದ ತಕ್ಷಣ ಇಬ್ಬರೂ ಹೊಡೆದಾಡ್ಕೊಂಡು ತಣ್ಣಗಾಗ್ತಾರೆ, 100 ಗ್ರಾಂ ವಾಷಿಂಗ್ ಸೋಡಾದ ಕ್ಷಾರಗುಣ ಇಳಿಸೋಕೆ ಸುಮಾರು 120 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ಉಳಿಯೋ ಸಿಟ್ರೇಟ್ ಸುಣ್ಣಾನ ಸ್ವಲ್ಪ ಹಿಡಿಯತ್ತೆ, ಸುಳ್ಳು ಹೇಳಲ್ಲ, ಆದ್ರೆ ಜಿಡ್ಡು ತೆಗೆಯೋ ಶಕ್ತಿ ಹೋಯ್ತಲ್ಲ.

ಹಾಗಾಗಿ ಮೊದಲು ಉಪ್ಪಿನ ಡಬ್ಬ ತುಂಬಿ. ಡಿಶ್‌ವಾಷರ್ ಸಾಲ್ಟೇ ಹಾಕಿ, ಅಯೋಡಿನ್ ಪುಡಿ ಉಪ್ಪೂ ಬೇಡ, ಮಣ್ಣು ಇರೋ ಕಲ್ಲುಪ್ಪೂ ಬೇಡ. ಟೆಸ್ಟ್ ಸ್ಟ್ರಿಪ್ ತಂದು ನೀರು ನೋಡಿ ಗಡಸುತನದ ಸೆಟ್ಟಿಂಗ್ ಬದಲಾಯಿಸಿ, ಟ್ಯಾಂಕರ್ ಬಂದ ವಾರ ಮತ್ತೆ ನೋಡಿ. ಆಮೇಲೆ ಪಾತ್ರೆ ಇಲ್ಲದೆ, ಪುಡಿ ಇಲ್ಲದೆ, ಬರೀ ಸಿಟ್ರಿಕ್ ಆಸಿಡ್ 50 ಗ್ರಾಂ ಹಾಕಿ ಬಿಸಿ ನೀರಲ್ಲಿ ಒಂದ್ಸಲ ಓಡಿಸಿ. ಇಷ್ಟಾದ ಮೇಲೂ ಪುಡಿ ನಾನೇ ಮಾಡ್ಬೇಕು ಅನ್ನೋ ಹಟ ಇದ್ರೆ ಮೂರು ಪಾಲು ವಾಷಿಂಗ್ ಸೋಡಾ, ಒಂದು ಪಾಲು ಸೋಡಿಯಂ ಪರ್ಕಾರ್ಬೊನೇಟ್ (ಕಲೆ ತೆಗೆಯೋ ಆಕ್ಸಿಜನ್ ಬ್ಲೀಚ್ ಪುಡಿ), ಒಂದು ಲೋಡಿಗೆ ಒಂದು ದೊಡ್ಡ ಚಮಚ. ಚಮಚ ಒಣಗಿರ್ಲಿ, ಮೂಗಿಗೆ ಪುಡಿ ಹೋಗದಿರ್ಲಿ, ಮಕ್ಕಳ ಕೈಗೆ ಸಿಗಬಾರದು. ಅಂಗಡಿ ಪುಡೀಲಿ ಹಿಟ್ಟಿನ ಅಂಟು ಬಿಡಿಸೋ ಎಂಜೈಮ್ ಇರತ್ತೆ, ನಿಮ್ಮದ್ರಲ್ಲಿ ಇರಲ್ಲ, ಅದಕ್ಕೇ ಒಣಗಿದ ಮುದ್ದೆ, ದೋಸೆ ಹಿಟ್ಟು ಕೆರೆದೇ ಇಡಬೇಕು. ನಾನಂತೂ ನಮ್ಮನೇಲಿ ಅಂಗಡಿ ಪುಡೀನೇ ಹಾಕೋದು.

ಪ್ರಶ್ನೆ: ಅಂಟುವಾಳಕಾಯಿ ರಸ ಹಾಕಬಹುದಾ?

ನೊರೆ. ಪಂಪಿಗೆ ನೊರೆ ಆಗಲ್ಲ. ಪಾತ್ರೆ ತೊಳೆಯೋ ಲಿಕ್ವಿಡ್ "ಎರಡೇ ಹನಿ" ಹಾಕ್ತೀನಿ ಅನ್ನೋರಿಗೂ ಇದೇ ಉತ್ತರ, ಅಡುಗೆಮನೆ ನೆಲ ಒರೆಸೋ ಆಸೆ ಇದ್ರೆ ಹಾಕಿ.

ಪ್ರಶ್ನೆ: ಕಿತ್ತಳೆ ಸಿಪ್ಪೆ, ಬೆಲ್ಲದ ಬಯೋ ಎಂಜೈಮ್?

ಮೂರು ತಿಂಗಳು ಹುಳಿ ಬಂದ ನೀರು ಅದು. ನೆಲ ಒರೆಸಿ. ಹೆಸರಲ್ಲಿ ಎಂಜೈಮ್ ಇದೆ ಅಂತ ಸಾರಿನ ಜಿಡ್ಡು ಹೆದರಲ್ಲ. ಇದನ್ನೇ ಬಾಟಲಿಗೆ ತುಂಬಿ "ಕೆಮಿಕಲ್ ಫ್ರೀ" ಅಂತ ಮಾರೋರ ಹತ್ರ ಕೇಳಿ, ನೀರು ಕೆಮಿಕಲ್ ಅಲ್ವಾ ಅಂತ.

ಪ್ರಶ್ನೆ: ಅರಿಶಿನದ ಕಲೆ ಸೋಡಾ ಹಾಕಿದ್ಮೇಲೆ ಕೆಂಪಾಯ್ತು, ಗಾಬರಿ ಆಗಿದೆ.

ಆರತಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ನೀರು ಮಾಡಿದ್ದು ಮರೆತ್ರಾ? ಅದೇ ಇದು. ಪ್ಲಾಸ್ಟಿಕ್ ಡಬ್ಬಿಯನ್ನ ಬಿಸಿಲಿಗಿಡಿ, ಕಲೆ ಮಂಕಾಗತ್ತೆ.

ಪ್ರಶ್ನೆ: ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಯ್ತು.

ಯಾಕಿಟ್ರಿ?

ಪ್ರಶ್ನೆ: ಬ್ಲೀಚಿಂಗ್ ಪೌಡರ್‌ಗೆ ವಿನೆಗರ್ ಸೇರಿಸಿದ್ರೆ ಜಾಸ್ತಿ ಬೆಳ್ಳಗಾಗತ್ತಂತೆ?

ಕ್ಲೋರಿನ್ ಗ್ಯಾಸ್ ಬರತ್ತೆ, ಉಸಿರಾಟಕ್ಕೆ ಅಪಾಯ. ಇದೊಂದ್ರಲ್ಲಿ ನಾನು ತಮಾಷೆ ಮಾಡ್ತಿಲ್ಲ. ಈಗಾಗ್ಲೇ ಕಲಸಿದ್ರೆ ಅದನ್ನ ಮುಟ್ಟೋಕೆ ಹೋಗ್ಬೇಡಿ, ಮನೆಯವರನ್ನೆಲ್ಲ ಕರ್ಕೊಂಡು ಹೊರಗೆ ಗಾಳಿಗೆ ಬನ್ನಿ, ಯಾರಿಗಾದ್ರೂ ಕೆಮ್ಮು, ಎದೆ ಬಿಗಿತ ಇದ್ರೆ ನೇರ ಆಸ್ಪತ್ರೆಗೆ.